ಪೆಟ್ಟಿಗೆ ತುಂಬುವ ತನಕ ಕಾಯದ ಗಂಟು

ಆಸ್ಪತ್ರೆಯ ಪ್ರಯೋಗಾಲಯದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಪೆಟ್ಟಿಗೆ ತುಂಬಲೆಂದು ನನ್ನ ಅಕ್ಕನ ಕ್ಯಾನ್ಸರ್ ಮೂರು ತಿಂಗಳು ಸುಮ್ಮನೆ ಕೂರಲಿಲ್ಲ, ಬೆಳೆಯಿತು. ಈ ಪತ್ರವೂ ನಿಮ್ಮ ಕಪಾಟಿನಲ್ಲಿ ಮಲಗಬಾರದೆಂದು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವಳು. ಅವಳ ಅಂಗುಳಿನಲ್ಲಿ ಬಟಾಣಿಯಷ್ಟು ಗಂಟು ಕಂಡಿತು. ನೋವಿಲ್ಲ, ಹುಣ್ಣಿಲ್ಲ. ನಿಮ್ಮ ಹಲ್ಲಿನ ವಿಭಾಗದವರು ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳಿದರು. ಇಲ್ಲವೆಂದದ್ದಕ್ಕೆ ಮುಲಾಮು ಬರೆದು ಕಳಿಸಿದರು. ಚಟವಿಲ್ಲದ ಬಾಯಿಗೆ ಬರಲು ಕ್ಯಾನ್ಸರ್ ನಿಮ್ಮ ಅಪ್ಪಣೆ ಕೇಳಬೇಕಿತ್ತೇ? ಮೂರನೆಯ ಸಲ ಹೋದಾಗ ಒಬ್ಬ ವೈದ್ಯೆ ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕೊಟ್ಟರು. ಅದನ್ನು ನೋಡಿದ ನಿಮ್ಮ ವೈದ್ಯರು ಪ್ರಾಮಾಣಿಕವಾಗಿಯೇ ಬರೆದರು: ಇದು ಜೊಲ್ಲುಗ್ರಂಥಿಯ ಗಡ್ಡೆ; ಇಂಥವು ಅಪರೂಪ, ಒಂದರಂತೆ ಇನ್ನೊಂದು ಕಾಣುತ್ತದೆ, ವಿಶೇಷ ಪರೀಕ್ಷೆಯಿಲ್ಲದೆ ಯಾವುದೆಂದು ಹೇಳಲಾಗದು. ಅವರಿಗೆ ನನ್ನ ನಮಸ್ಕಾರ.

ಆ ಪರೀಕ್ಷೆ ಬೇರೆ ಊರಿನಲ್ಲಿ. ತುಣುಕನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ ಕಳಿಸಬೇಕು. ಒಂದು ತಿಂಗಳಾದ ಮೇಲೆ ಕೇಳಲು ಹೋದರೆ ನಿಮ್ಮ ಗುಮಾಸ್ತರು ಕಪಾಟು ತೆರೆದು ತೋರಿಸಿದರು.

"ಹನ್ನೆರಡು ಬಿಲ್ಲೆ ಆದ್ಮೇಲೇನೇ ಪೆಟ್ಟಿಗೆ ಹೋಗೋದಮ್ಮ. ನಿಮ್ಮದು ಒಂಬತ್ತನೇದು. ಅಪರೂಪದ ಕಾಯಿಲೆ ನೋಡಿ, ಬೇಗ ಕೂಡಲ್ಲ."

ಎಂಥ ಘನವಾದ ನಿಯಮ! ರೋಗ ಅಪರೂಪವಾದಷ್ಟೂ ರೋಗಿ ಹೆಚ್ಚು ಕಾಯಬೇಕು. ಇನ್ನೂ ಮೂವರಿಗೆ ಈ ರೋಗ ಬರಲೆಂದು ನಾನು ಪ್ರಾರ್ಥಿಸಬೇಕಿತ್ತೇ? ನಾಚಿಕೆ ಬಿಟ್ಟು ಹೇಳುತ್ತೇನೆ, ಪ್ರಾರ್ಥಿಸಿದೆ. ನನ್ನನ್ನು ಅಂಥವಳನ್ನಾಗಿ ಮಾಡಿದ್ದಕ್ಕೆ ನಿಮ್ಮನ್ನು ಎಂದಿಗೂ ಕ್ಷಮಿಸಲಾರೆ. ಪೆಟ್ಟಿಗೆಯ ನಿಯಮ ಕೇಳಿ ಅಕ್ಕ ನಕ್ಕಳು.

"ನಮ್ಮಲ್ಲಿ ಮೂರೇ ಜನ ಇದ್ರೂ ಹೊತ್ತಿಗೆ ಸರಿಯಾಗಿ ಬಸ್ಸು ಬಿಡ್ತಾರೆ ಕಣೇ."

ಪೆಟ್ಟಿಗೆ ತುಂಬಿ, ಮೂರು ತಿಂಗಳ ಮೇಲೆ ಕ್ಯಾನ್ಸರ್ ಎಂಬ ವರದಿ ಬರುವಷ್ಟರಲ್ಲಿ ಗಂಟು ಮೂಳೆಗೆ ಇಳಿದಿತ್ತು. ಮೊದಲೇ ಗೊತ್ತಾಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತಿತ್ತೆಂದು ಶಸ್ತ್ರವೈದ್ಯರೇ ಹೇಳಿದರು. ಈಗ ಅರ್ಧ ಅಂಗುಳು ಹೋಗಿದೆ. ಅಕ್ಕನ ಮಾತು ಮೂಗಿನಿಂದ ಬರುತ್ತದೆ, ಕುಡಿದ ನೀರೂ ಬರುತ್ತದೆ. ನಿಲ್ದಾಣದಲ್ಲಿ ಜನ ಮರೆತುಹೋದ ಚೀಲಗಳ ಕೋಣೆಗೆ ಅವಳನ್ನು ಹಾಕಿದ್ದಾರೆ. ಅಲ್ಲಿ ಮಾತಾಡುವ ಕೆಲಸವಿಲ್ಲ.

ನಿಮ್ಮ ವಿಷಾದದ ಪತ್ರ ನನಗೆ ಬೇಡ. ವೈದ್ಯರು ಬರೆದ ದಿನವೇ ಬಿಲ್ಲೆ ಹೊರಡಬೇಕು, ಒಂದೇ ಇದ್ದರೂ ಹೊರಡಬೇಕು. ನಿನ್ನೆ ಮತ್ತೆ ನಿಮ್ಮ ಕಪಾಟಿನ ಮುಂದೆ ನಿಂತು ಬಂದೆ. ಹೊಸ ಪೆಟ್ಟಿಗೆಯಲ್ಲಿ ನಾಲ್ಕು ಬಿಲ್ಲೆಗಳಿವೆ. ಆ ನಾಲ್ವರ ಮನೆಯವರು ಇನ್ನು ಎಂಟು ಜನರಿಗೆ ಕೇಡು ಬೇಡಿಕೊಳ್ಳುವ ಮೊದಲು, ಇವತ್ತೇ ಕಳಿಸಿ.

ಇಂತಿ,
ಒಂಬತ್ತನೆಯ ಬಿಲ್ಲೆಯ ತಂಗಿ