ನೀರಿಗೆ ಯಾವ ಗೆರೆ

ರಾಬರ್ಟ್‌ಸನ್‌ಪೇಟೆ
೧೮ ಫೆಬ್ರವರಿ ೧೯೯೬

ಲಿಲ್ಲಿ, ಹಟಮಾರಿ ಗೆಳತಿಯೇ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನಿನ್ನ ಇನ್ನೊಂದು ಕವರು ನಿನ್ನೆ ಬಂತು. ಒಡೆದು ನೋಡಿದರೆ ಮತ್ತೆ ಅದೇ ಚೀನೀ ಪಾಠದ ಹಾಳೆಗಳು, ಮತ್ತೆ ಅದೇ ಒಕ್ಕಣೆ. “ಶಾಮಿ, ಇವನ್ನೂ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಅಪ್ಪನ ಮಂಚದ ಎದುರಿನ ಗೋಡೆಗೆ ಅಂಟಿಸು, ಗೆರೆಗಳು ತಪ್ಪಬಾರದು.” ತಪ್ಪಬಾರದಂತೆ! ಮದರಾಸಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಬಂಗಾರಪೇಟೆಯಲ್ಲಿ ಇಳಿಯುತ್ತೀಯ. ಅಷ್ಟು ಹತ್ತಿರ ಇದ್ದುಕೊಂಡು ಹೆತ್ತ ಅಪ್ಪನಿಗೆ ಆಡಬೇಕಾದ ಮಾತನ್ನು ಅಂಚೆಯಲ್ಲಿ ಕಳಿಸುವ ಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೀಪಾವಳಿ ಕಳೆದ ಮೇಲೆ ನಿಮ್ಮಪ್ಪನಿಗೆ ಲಕ್ವ ಹೊಡೆದಾಗ ಫೋನು ಮಾಡಿದವಳು ನಾನೇ. ಬಲಗೈ ಬಿದ್ದುಹೋಗಿದೆ ಎಂದೆ. ಜೊತೆಗೆ ಮಾತೂ ಹೋಗಿದೆ, ಎಲ್ಲ ಮಾತೂ ಅಲ್ಲ, ನಮ್ಮ ಮಾತುಗಳು ಮಾತ್ರ ಎಂದೆ. ಈ ಊರಿನ ಅರ್ಧ ಜನರ ಹಲ್ಲು ಕಿತ್ತವರು ಅವರು. ತಮಿಳಿನವರನ್ನು ತಮಿಳಿನಲ್ಲಿ, ರೆಡ್ಡಿಗಳನ್ನು ತೆಲುಗಿನಲ್ಲಿ, ನಮ್ಮ ಕ್ಯಾಸಂಬಳ್ಳಿ ಕಡೆಯವರನ್ನು ಕನ್ನಡದಲ್ಲಿ ಬೈದು ಬಾಯಿ ತೆಗೆಸುತ್ತಿದ್ದರು. ಹೂ ಎಂಬ ಅವರ ಮನೆತನದ ಹೆಸರು ಹಳ್ಳಿಯವರ ಬಾಯಲ್ಲಿ ‘ಊ ಡಾಕ್ಟ್ರು’ ಆದರೂ ತಿದ್ದದೆ ಓಗೊಡುತ್ತಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅದೆಲ್ಲ ಅಳಿಸಿಹೋಗಿ, ಹುಟ್ಟೂರಿನ ಚೀನೀ ಮಾತು ಒಂದೇ ಉಳಿದಿತ್ತು. ಅದು ಇಲ್ಲಿ ಯಾರಿಗೂ ಬಾರದು. ನಿನಗೂ ಬಾರದು. ನೀನು ಫೋನಿನಲ್ಲಿ ಅತ್ತೆ. ರೈಲು ಹತ್ತುತ್ತೀಯ ಎಂದುಕೊಂಡೆ. ನೀನು ಹೋಗಿ ಸಂಜೆಯ ಚೀನೀ ಕ್ಲಾಸು ಸೇರಿಕೊಂಡೆ.

ಸರಿ, ಹಾಳೆಗಳು ಬಂದವು. ನನ್ನ ಅಚ್ಚಿನಂಗಡಿಯ ಕಂಪ್ಯೂಟರಿನ ಮುಂದೆ ಕೂತೆ. ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪ್ರತಿ ಸ್ವರದ ತಲೆಯ ಮೇಲೂ ದನಿ ಏರುವುದಕ್ಕೊಂದು ಇಳಿಯುವುದಕ್ಕೊಂದು ಗೆರೆ ಇಟ್ಟಿದ್ದೀಯ. ಏರುಗೆರೆ, ಇಳಿಗೆರೆ ನನ್ನ ಯಂತ್ರದಲ್ಲಿ ಸಿಕ್ಕವು, ಅಂಥವನ್ನೇ ಬರೆಯುವ ಫ್ರೆಂಚರ ಪುಣ್ಯ. ದನಿ ಸಮವಾಗಿ ನಿಲ್ಲುವುದಕ್ಕಿರುವ ಅಡ್ಡಗೆರೆ ಇಲ್ಲ. ಇಳಿದು ಏರುವ ಆ ತಲೆಕೆಳಗಾದ ಟೋಪಿಯೂ ಇಲ್ಲ. ಕೆಲವು ಕಡೆ ಅಕ್ಷರದ ತಲೆಯ ಮೇಲೆ ಮೊದಲೇ ಎರಡು ಚುಕ್ಕೆ, ಅದರ ಮೇಲೆ ಟೋಪಿ. ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಅಕ್ಷರದ ಆಕಾರ ರೂಪಿಸುವ ಸಾಫ್ಟ್‌ವೇರಿನಲ್ಲಿ ಒಂದೊಂದೇ ಗೆರೆಯನ್ನು ನಾನೇ ಬರೆದೆ. ಅವನ್ನು ಕೂರಿಸಲು ಕೀಲಿಗಳು ಬೇಡವೇ? ಅಪರೂಪಕ್ಕೆ ಬಳಸುವ ಚಿಹ್ನೆಗಳನ್ನು ಎಬ್ಬಿಸಿ ಆ ಜಾಗದಲ್ಲಿ ಕೂರಿಸಿದೆ. ನಿಮ್ಮಪ್ಪನನ್ನು ನೋಡಿಕೊಳ್ಳುವ ಅಕ್ಕಯ್ಯಮ್ಮನಿಗೆ ಇಂಗ್ಲಿಷ್ ಬಾರದು ಎಂದು ಕೆಳಗೆ ಕನ್ನಡದಲ್ಲೂ ಹೊಡೆದೆ. ಅಲ್ಲಿ ಇನ್ನೊಂದು ಗೋಳು. ನಮ್ಮ ಅಕ್ಷರಕ್ಕೆ ತಲೆಕಟ್ಟು, ಗುಡಿಸು, ಕೊಂಬು ಎಲ್ಲ ಮೊದಲೇ ಇವೆ. ಅವುಗಳ ಮೇಲೆ ಟೋಪಿ ಇಟ್ಟರೆ ಮೇಲಿನ ಸಾಲಿಗೆ ಹೋಗಿ ಗುದ್ದುತ್ತದೆ. ಮಧ್ಯೆ ಕರೆಂಟು ಹೋದಾಗ ಆದದ್ದೆಲ್ಲ ಹೋಯಿತು.

ಇದರ ನಡುವೆ ಬೈರಪ್ಪನವರ ಮಗಳ ಲಗ್ನಪತ್ರಿಕೆ. ನೆಂಟರ ಹೆಸರಿನ ಪಕ್ಕ ಅವರವರ ಕೆಲಸವನ್ನು ಆವರಣ ಚಿಹ್ನೆಯೊಳಗೆ ಹಾಕುವುದು ವಾಡಿಕೆ. ಆ ಚಿಹ್ನೆಯ ಕೀಲಿಗಳಲ್ಲಿ ನಿನ್ನ ಟೋಪಿಗಳು ಕೂತಿದ್ದವು ಎನ್ನುವುದು ನನಗೆ ನೆನಪಾಗಲಿಲ್ಲ. ಬೈರಪ್ಪನವರು ಇಡೀ ಕಟ್ಟನ್ನು ಅಂಗಡಿಗೆ ಹೊತ್ತು ತಂದು ಮೇಜಿನ ಮೇಲಿಟ್ಟರು. “ನಮ್ ಬಾವನ ಎಸರಿನ ಪಕ್ಕ ಎಲ್ಡು ಕಾಗೆ ಕೂರ್ಸಿದ್ದೀಯಲ್ಲಮ್ಮ ಶಾಮಮ್ಮ, ಇದು ಮದ್ವೆನೋ ತಿಥಿನೋ?” ಎಂದು ಮೆಲ್ಲಗೆ ಕೇಳಿದರು. ಅವರು ಕೂಗಾಡಿದ್ದರೆ ಪರವಾಗಿರಲಿಲ್ಲ. ಎಲ್ಲವನ್ನೂ ಮತ್ತೆ ಅಚ್ಚು ಹಾಕಿಕೊಟ್ಟೆ.

ಇಷ್ಟೆಲ್ಲ ಮಾಡಿ ಗೋಡೆಗೆ ಅಂಟಿಸಿದ ದಿನ ಏನಾಯಿತು ಗೊತ್ತೇ? ತಲೆನೋವಿದೆಯೇ ಎಂಬ ಸಾಲನ್ನು ಅಕ್ಕಯ್ಯಮ್ಮ ಬೆರಳಿಟ್ಟು ಓದಿದಳು. ನಿಮ್ಮಪ್ಪ ಅವಳನ್ನು ನೋಡಿದರು, ಗೋಡೆಯನ್ನು ನೋಡಿದರು, ಎಡಗೈಯಿಂದ ಮಂಚಕ್ಕೆ ಗುದ್ದಿ ಮುಖ ತಿರುಗಿಸಿದರು. ಅವತ್ತು ಗಂಜಿ ಕುಡಿಯಲಿಲ್ಲ. “ನಾನೇನೋ ಬೈದಂಗಾಯ್ತು ಕಣಕ್ಕ, ಇನ್ನ ನಾ ಓದಾಕಿಲ್ಲ” ಎಂದು ಅಕ್ಕಯ್ಯಮ್ಮ ಬಾಗಿಲಲ್ಲಿ ಕೂತುಬಿಟ್ಟಳು.

ಮಾರನೆಯ ದಿನ ನಾನೇ ಹೋಗಿ ಓದಿದೆ. ಸುಲಭದ್ದು ಇರಲಿ ಎಂದು ನೀರು ಎಂಬ ಮಾತನ್ನು ಹಿಡಿದೆ. ನಿನ್ನ ಹಾಳೆಯಲ್ಲಿ ಅದಕ್ಕೆ ಟೋಪಿ. ಶ್ವೇಯ್ ಎಂದು ದನಿಯನ್ನು ಇಳಿಸಿ ಏರಿಸಿದೆ. ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಓದಿದೆ. ಆಗ ನನ್ನ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು, ಹಾಸಿಗೆಯ ಮಟ್ಟಕ್ಕೆ ಒತ್ತಿ, ಹಾಗೇ ನೇರವಾಗಿ ಎಳೆದರು, ಅಕ್ಷರಾಭ್ಯಾಸ ಮಾಡಿಸುವವರಂತೆ. ಎಳೆಯುತ್ತಾ ತಾವೂ ಅಂದರು. ಏರಿಲ್ಲ, ಇಳಿವಿಲ್ಲ, ತಗ್ಗಿನಲ್ಲಿ ಹರಿಯುವ ಒಂದೇ ದನಿ. ನಾನು ಹಾಗೇ ಅಂದೆ. ಪಕ್ಕದ ಚೊಂಬನ್ನು ತೋರಿಸಿದರು. ಕೊಟ್ಟೆ, ಕುಡಿದರು.

ನನಗೆ ಅರ್ಥವಾಯಿತು, ಸಿಟ್ಟೂ ಬಂತು. ನಿನ್ನ ಮೇಷ್ಟ್ರು ಕಲಿಸುವುದು ಪೀಕಿಂಗಿನ ಮಾತು. ನಿಮ್ಮಪ್ಪ ಚೀನಾದ ಹುಬೇ ಪ್ರಾಂತ್ಯದ ಹಳ್ಳಿಯವರು. ಮಾತು ಹೆಚ್ಚುಕಡಿಮೆ ಅದೇ, ರಾಗ ಬೇರೆ. ನಿನ್ನ ಧಾರವಾಡದ ಗಂಡ ಚಂದ್ರಶೇಖರ್ ಬಂದು ನಮ್ಮಜ್ಜಿಯ ಹತ್ತಿರ ಮಾತಾಡಿದರೆ ಹೇಗಿರುತ್ತದೋ ಹಾಗೆ. ನಾನು ಬರೆದು ಬರೆದು ಕೂರಿಸಿದ ಗೆರೆಗಳಲ್ಲಿ ಅರ್ಧಕ್ಕರ್ಧ ಅವರ ಬಾಯಿಗೆ ಹೊಂದುವುದಿಲ್ಲ. ನೋವು ಎನ್ನುವಲ್ಲಿ ನಿನ್ನ ಪುಸ್ತಕ ಸೀದಾ ಮೇಲೆ ಹತ್ತುತ್ತದೆ, ಅವರು ಹಳ್ಳಕ್ಕಿಳಿದು ಮೇಲೆ ಬರುತ್ತಾರೆ. ಈಗ ಸಂಜೆಯಾದರೆ ಅವರ ಮನೆ. ಅವರು ಗಾಳಿಯಲ್ಲಿ ಗೆರೆ ಎಳೆಯುವುದು, ನಾನು ಪೆನ್ಸಿಲಿನಲ್ಲಿ ತಿದ್ದಿಕೊಳ್ಳುವುದು, ಬೆಳಿಗ್ಗೆ ಅಂಗಡಿಯಲ್ಲಿ ಮತ್ತೆ ಹೊಡೆಯುವುದು. ಅಕ್ಕಯ್ಯಮ್ಮನೂ ಮುನಿಸು ಬಿಟ್ಟು ಕಲಿಯುತ್ತಿದ್ದಾಳೆ. ಅವಳು ಸರಿಯಾಗಿ ಅಂದಾಗ ನಿಮ್ಮಪ್ಪ ನಗುತ್ತಾರೆ, ಅರ್ಧ ಮುಖದಲ್ಲಿ. ಆ ನಗುವನ್ನು ನೋಡಬೇಕಾದವಳು ನೀನು. ನೋಡುತ್ತಿರುವವಳು ನಾನು. ಇದಕ್ಕೇ ನನಗೆ ರೇಗುವುದು.

ಅಪ್ಪ ಆ ಮಾತನ್ನು ನನಗೆ ಯಾಕೆ ಕಲಿಸಲಿಲ್ಲ ಎಂದು ನೀನು ಸ್ಕೂಲಿನಲ್ಲಿದ್ದಾಗಿಂದ ಕೇಳುತ್ತಿದ್ದೆ. ಅರವತ್ತೆರಡರ ಚೀನಾ ಯುದ್ಧ ಮುಗಿದ ಮೇಲೂ ಅವರು ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದರಲ್ಲ, ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ. ಆ ಮಾತು ಬೀದಿಗೆ ಕೇಳಿಸಬಾರದು ಎಂದು ಮನೆಯ ಕಿಟಕಿ ಮುಚ್ಚುತ್ತಿದ್ದರು. ನಿಮ್ಮಮ್ಮ ತೀರಿಕೊಂಡ ಮೇಲೆ ಅದನ್ನಾಡಲು ಅವರಿಗೆ ಜನವೇ ಇರಲಿಲ್ಲ. ನೀನು ಚಂದ್ರಶೇಖರನನ್ನು ಮದುವೆಯಾಗುತ್ತೇನೆ ಎಂದಾಗ ಹೋಗು, ಮತ್ತೆ ಬರಬೇಡ ಎಂದು ಅವರು ಅಂದದ್ದು ತಪ್ಪೇ ಸರಿ. ನಾನು ಅವರ ಪರ ವಹಿಸುತ್ತಿಲ್ಲ. ಆದರೆ ಅವರೇ ಬಾಯಿಬಿಟ್ಟು ಕರೆದರೆ ಮಾತ್ರ ಬರುತ್ತೇನೆ ಎಂದು ನೀನು ಈಗಲೂ ಕೂತಿದ್ದೀಯ. ಕರೆಯಲು ಅವರ ಬಾಯಲ್ಲಿ ನಿನಗೆ ತಿಳಿಯುವ ಮಾತು ಒಂದೂ ಉಳಿದಿಲ್ಲ ಎಂದು ಗೊತ್ತಿದ್ದೂ ಕೂತಿದ್ದೀಯ. ಇದನ್ನು ಹಟ ಎನ್ನಬೇಕೋ ಹೆದರಿಕೆ ಎನ್ನಬೇಕೋ ನೀನೇ ಹೇಳು. ನನಗೆ ಕಾಣುವುದು ಹೆದರಿಕೆ. ಬಂದು ಎದುರಿಗೆ ನಿಂತಾಗ ಅವರು ಮುಖ ತಿರುಗಿಸಿಬಿಟ್ಟರೆ ಎಂದು. ಗೋಡೆಯ ಮೇಲಿನ ಹಾಳೆಗೆ ಆ ಭಯವಿಲ್ಲ, ಅದಕ್ಕೇ ಹಾಳೆಯನ್ನು ಮುಂದೆ ಕಳಿಸುತ್ತೀಯ.

ನಿನ್ನೆ ಬಂದ ಹಾಳೆಗಳನ್ನು ನಾನು ಟೈಪ್ ಮಾಡುವುದಿಲ್ಲ. ಈ ಕಾಗದದ ಜೊತೆಗೇ ವಾಪಸು ಇಟ್ಟಿದ್ದೇನೆ. ಇನ್ನೂ ಕಳಿಸಿದರೆ ಅವೂ ಹಾಗೇ ಬರುತ್ತವೆ. ಬೇಕಾದರೆ ಕೈಯಲ್ಲಿ ಹಿಡಿದುಕೊಂಡು ನೀನೇ ಬಾ, ತಪ್ಪು ಓದು, ಬೈಸಿಕೋ.

ನಿನ್ನಿಂದ ತಲೆಕೆಟ್ಟಿರುವ,
ಮುನಿಶಾಮಮ್ಮ

ತಾ.ಕ.: ಕವರು ಅಂಟಿಸಿ ಆಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಮೇಲಿನದರಲ್ಲಿ ಒಂದು ಸುಳ್ಳಿದೆ. ನಿಮ್ಮಪ್ಪನಿಗೆ ನಮ್ಮ ಮಾತು ಒಂದೊಂದಾಗಿ ಮರಳುತ್ತಿದೆ, ನಾವಾಡಿದ್ದೂ ತಿಳಿಯುತ್ತಿದೆ. ಹೋದ ವಾರ ಅಕ್ಕಯ್ಯಮ್ಮನನ್ನು ಹೆಸರು ಹಿಡಿದು ಕೂಗಿದರು. ತಿಳಿದರೆ ನೀನು ಉಸ್ಸೆಂದು ಕ್ಲಾಸು ಬಿಟ್ಟು, ಅಲ್ಲೇ ಉಳಿದುಬಿಡುತ್ತೀಯ ಎಂದು ಮುಚ್ಚಿಟ್ಟಿದ್ದೆ. ಈಗ ಸಂಜೆ ಹೋಗಿ, ಇನ್ನು ನಿನ್ನ ಹಾಳೆಗಳು ಬರುವುದಿಲ್ಲ ಎಂದು ಅವರಿಗೆ ಹೇಳಿದೆ. ಬಹಳ ಹೊತ್ತು ತಡವರಿಸಿ, ಕನ್ನಡದಲ್ಲಿ ಅಂದರು: “ಲಿಲ್ಲಿ ಬರ್ಲಿ. ನಾ ಕಲಿಸ್ತೀನಿ.”