ಗೊತ್ತಿಲ್ಲದವರೊಬ್ಬರು ಬೇಕಾಗಿದ್ದಾರೆ

ಶಿಕ್ಷಕರ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಮಾದರಿ ಪಾಠಕ್ಕೆ ತಾವು ದಯಪಾಲಿಸಿದ ಅಂಕಪಟ್ಟಿ ಕೈಸೇರಿತು. ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ’ ಎಂಬುದರ ಮುಂದೆ ದುಂಡಗೆ ಒಂದು ಸೊನ್ನೆ ಇದೆ. ಆ ಸೊನ್ನೆಯಿಂದ ಕೆಲಸ ಕೈತಪ್ಪಿತು; ವಯೋಮಿತಿ ದಾಟುವುದರಿಂದ ಇನ್ನೊಮ್ಮೆ ಅರ್ಜಿ ಹಾಕುವಂತೆಯೂ ಇಲ್ಲ. ಆದರೆ ಸ್ವಾಮಿ, ಆ ಕೋಣೆಯಲ್ಲಿ ವಿದ್ಯಾರ್ಥಿಗಳು ಎಲ್ಲಿದ್ದರು? ಖಾಲಿ ಬೆಂಚುಗಳಿದ್ದವು, ಉದ್ದನೆಯ ಮೇಜಿತ್ತು, ಅದರ ಹಿಂದೆ ತಾವು ಮೂವರಿದ್ದಿರಿ. ಇಲ್ಲದ ಮಕ್ಕಳು ಕೈ ಎತ್ತದಿದ್ದದ್ದು ನನ್ನ ತಪ್ಪು ಹೇಗಾಯಿತು?

“ನಮ್ಮನ್ನೇ ಐದನೇ ಕ್ಲಾಸಿನ ಮಕ್ಕಳು ಅಂದ್ಕೊಳ್ಳಿ” ಎಂದು ಅಪ್ಪಣೆ ಕೊಡಿಸಿದಿರಿ. ಅಂದುಕೊಂಡೆ. ತಮ್ಮಲ್ಲೊಬ್ಬರು ಮೇಜಿನ ಕೆಳಗೆ ಫೋನ್ ನೋಡುತ್ತಿದ್ದರು, ಇನ್ನೊಬ್ಬರು ಚಹಾದಲ್ಲಿ ಮುಳುಗಿದ ಬಿಸ್ಕತ್ತನ್ನು ಬೆರಳಿನಿಂದ ಹುಡುಕುತ್ತಿದ್ದರು. ಆ ಮಟ್ಟಿಗೆ ಮಕ್ಕಳೆಂದು ನಂಬುವುದು ಕಷ್ಟವಾಗಲಿಲ್ಲ.

ಅಷ್ಟು ಚಿಕ್ಕ ಪಾಠಕ್ಕಾಗಿ ನಮ್ಮ ಅಡುಗೆಮನೆ ವಾರವಿಡೀ ಶಾಲೆಯಾಗಿತ್ತು. ವಿಷಯ ಸರಳ: ಐಸ್ ಹಾಕಿದ ಸ್ಟೀಲ್ ಲೋಟದ ಹೊರಮೈ ಏಕೆ ಒದ್ದೆಯಾಗುತ್ತದೆ? ಮೊದಲ ದಿನ ಗಾಳಿ, ನೀರಾವಿ, ತಂಪು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ. ಗಂಡ ಆಕಳಿಸಿದರು. ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಮಾತ್ರ ಲೋಟವೆತ್ತಿ ತಳ ತಡವಿದರು.

“ಇದು ಸೋರ್ತಾ ಇದೆ ಕಣೇ, ಬೇರೆ ತಗೊಂಡ್ ಬಾ.”

“ಸೋರ್ತಿಲ್ಲ ಅತ್ತೆ.”

“ಮತ್ತೆ ನೀರೇನು ಆಕಾಶದಿಂದ ಉದುರ್ತಾ?”

ನನ್ನ ಪಾಠ ಹುಟ್ಟಿದ್ದು ಅಲ್ಲಿ. ಲೋಟ ಸೋರುತ್ತಿದ್ದರೆ ಒಳಗಿನ ಬಣ್ಣವೂ ಹೊರಗೆ ಬರಬೇಕಲ್ಲವೇ? ಒಳಗಿನ ನೀರಿಗೆ ಕೆಂಪು ಇಂಕು ಹಾಕಿದೆ. ಅತ್ತೆ ಬಿಳಿ ಬಟ್ಟೆಯಿಂದ ಹೊರಗಿನ ಹನಿ ಒರೆಸಿದರು. ಬಟ್ಟೆ ಬೆಳ್ಳಗೇ ಉಳಿಯಿತು. ಬಟ್ಟೆ ನೋಡಿದರು, ಲೋಟ ನೋಡಿದರು, ಸುತ್ತ ಗಾಳಿಯಲ್ಲಿ ಕೈಯಾಡಿಸಿದರು. “ಹಾಗಾದ್ರೆ ಇಲ್ಲೇ ಎಲ್ಲೋ ಇತ್ತು ಬಿಡು, ನಮಗೆ ಕಾಣ್ತಿರ್ಲಿಲ್ಲ” ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಪಾಠದ ಯೋಜನೆಯನ್ನು ಅಂದೇ ಬದಲಿಸಿದೆ: ಪ್ರಶ್ನೆ ಕೇಳುವುದು, ಯಾರಾದರೂ ‘ಸೋರುತ್ತಿದೆ’ ಎನ್ನುವವರೆಗೆ ಕಾಯುವುದು, ಆಮೇಲೆ ಇಂಕು ಹಾಕಿ ತೋರಿಸುವುದು.

ತಮ್ಮೆದುರು ಪ್ರಶ್ನೆ ಕೇಳಿದೆ. ಬಿಸ್ಕತ್ತಿನವರು ತಲೆ ಎತ್ತದೆ, “ಸಾಂದ್ರೀಕರಣ. ಮುಂದೆ?” ಎಂದರು.

ಮುಂದೇನು? ಇಂಕಿನ ಬಾಟಲಿ ಕೈಯಲ್ಲೇ ಉಳಿಯಿತು. “ಬೇರೆ ಯಾರಿಗಾದ್ರೂ ಬೇರೆ ಥರ ಅನ್ಸುತ್ತಾ?” ಎಂದು ಕೇಳಿ ಕಾದೆ. “ಉತ್ತರ ಬಂತಲ್ಲಮ್ಮ, ಯಾಕೆ ಸುಮ್ನೆ ನಿಂತಿದ್ದೀರಿ?” ಎಂದು ತಾವು ಗದರಿದಿರಿ. ದಯವಿಟ್ಟು ಯಾರಾದರೂ ತಪ್ಪು ಹೇಳಿ ಎಂದು ಕೈಮುಗಿಯಬೇಕಿತ್ತೇ? ಉಂಡು ಕೈತೊಳೆದವರಿಗೆ ಬಡಿಸಲು ಹೇಳಿ, ಹಸಿವು ಯಾಕೆ ಹುಟ್ಟಲಿಲ್ಲ ಎಂದು ಕೇಳಿದರೆ ನಾನೇನು ಹೇಳಲಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಹುದು. ನಗಿ. ಆದರೆ ನನಗೆ ಕುಣಿಯಲು ನೆಲವೇ ಇರಲಿಲ್ಲವಲ್ಲ!

ಮನೆಗೆ ಬಂದು ನಡೆದದ್ದು ಹೇಳಿದೆ. ಅತ್ತೆ, “ಒಬ್ರೂ ಸೋರ್ತಿದೆ ಅನ್ಲಿಲ್ವಾ? ನನ್ನನ್ನಾದ್ರೂ ಕರ್ಕೊಂಡು ಹೋಗ್ಬಾರ್ದಿತ್ತಾ?” ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಮೇಲ್ಮನವಿಗೆ ಅವಕಾಶವಿಲ್ಲವೆಂದು ಅಂಕಪಟ್ಟಿಯ ಅಡಿಯಲ್ಲೇ ಅಚ್ಚಾಗಿದೆ. ಆದ್ದರಿಂದ ಕೆಲಸ ಕೊಡಿ ಎಂದು ಕೇಳುತ್ತಿಲ್ಲ. ಕೇಳಿದರೂ ಗೋಡೆಗೆ ಹೇಳಿದಂತೆ. ನನ್ನ ನಂತರ ಆ ಖಾಲಿ ಬೆಂಚುಗಳ ಮುಂದೆ ನಿಲ್ಲುವವರಿಗಾಗಿ ಒಂದೇ ಬೇಡಿಕೆ: ಕೋಣೆಯಲ್ಲಿ ಉತ್ತರ ಗೊತ್ತಿಲ್ಲದವರೊಬ್ಬರನ್ನು ಕೂರಿಸಿ. ಮಕ್ಕಳು ಸಿಗದಿದ್ದರೆ ನಮ್ಮ ಅತ್ತೆ ಬರಲು ಸಿದ್ಧರಿದ್ದಾರೆ. ಲೋಟದ ಪಾಠವೊಂದನ್ನು ಮಾತ್ರ ಅವರೆದುರು ಮಾಡಿಸಬೇಡಿ. ಅದು ಅವರಿಗೆ ಈಗ ಗೊತ್ತು.

ಇಂತಿ,
ಒಬ್ಬರೇ ವಿದ್ಯಾರ್ಥಿನಿಯಿರುವ,
ತಮ್ಮ ಮಾಜಿ ಅಭ್ಯರ್ಥಿ