ಪೊಳ್ಳು ಅಣಬೆ

ಮನಾಲಿ ಹತ್ರ, 20-4-2005

ಕನಕಣ್ಣ,

ಸಾದಲೀಲಿ ಎಲ್ಲರೂ ಚೆನ್ನಾಗಿದ್ದೀರ ಅಂದ್ಕೊಂಡಿದ್ದೀನಿ. ನನಗಿಲ್ಲಿ ನರ್ಸ್ ಕೆಲಸ ಒಗ್ಗಿದೆ. ನಿನ್ನೆ ಬಾಡಿಗೆ ಮನೆ ಓನರಮ್ಮನ ಜೊತೆ ದೇವದಾರು ಕಾಡಿಗೆ ಗುಚ್ಛಿ ಅನ್ನೋ ಅಣಬೆ ಕೀಳೋಕೆ ಹೋಗಿದ್ದೆ. ಅದರ ಮೈಯೆಲ್ಲ ಜೇನುಗೂಡಿನ ಹಾಗೆ ಗುಳಿಗುಳಿ. ಮನೆಗೆ ಬಂದ್ಮೇಲೆ, ಸೀಳಿ ನೋಡಿ ವಿಂಗಡಿಸು ಅಂದ್ರು. ನಮ್ಮನೇಲಿ ಪೊಳ್ಳು ರೇಷ್ಮೆಗೂಡು ಪಕ್ಕಕ್ಕೆಸೆಯೋ ಅಭ್ಯಾಸದಲ್ಲೇ, ಒಳಗೆ ಪೊಳ್ಳಾಗಿದ್ದನ್ನೆಲ್ಲ ತಿಪ್ಪೆಗೆ ಹಾಕಿ, ತುಂಬಿಕೊಂಡಿದ್ದನ್ನ ಸಾರಿಗೆ ಹೆಚ್ಚಿಟ್ಟೆ. ಆಯಮ್ಮ ನೋಡಿ ತಲೆ ಚಚ್ಚಿಕೊಂಡ್ರು. ಪೊಳ್ಳಾಗಿರೋದೇ ಗುಚ್ಛಿಯಂತೆ, ತುಂಬಿರೋದು ಅದರ ಹಾಗೇ ಕಾಣೋ ವಿಷದ ಅಣಬೆಯಂತೆ! ಒಲೆ ಇನ್ನೂ ಹಚ್ಚಿರಲಿಲ್ಲ, ಬದುಕಿದ್ವಿ.

ಚಳಿಗೆ ತುಟಿ ಒಡೆದಿದೆ, ಬೇರೇನಿಲ್ಲ, ಆರೋಗ್ಯವಾಗಿದ್ದೀನಿ. ಅಮ್ಮಂಗೆ ಓದಿ ಹೇಳ್ಬೇಕಾದ್ರೆ ತುಟಿ ಒಡೆದ ಸಾಲಿಂದ ಶುರು ಮಾಡಪ್ಪ.

ಮುನಿಲಕ್ಷ್ಮಿ